ಐದು ಮಿಲಿಸೆಕೆಂಡು

ಮೆರನ್ ಡ್ರೆವರ್ ಬರುವುದು ಆರು ತಿಂಗಳಿಗೊಮ್ಮೆ.
ಆರ್ಕ್‌ನಿಯ ತುತ್ತತುದಿಯ ದ್ವೀಪದಿಂದ
ಎಂಟೇ ಸೀಟಿನ ವಿಮಾನ, ಆಮೇಲೆ ದೊಡ್ಡ ವಿಮಾನ,
ಆಮೇಲೆ ಎಡಿನ್‌ಬರೋದ ಟ್ರಾಮು, ಊರುಗೋಲು,
ಕೊನೆಗೆ ಕಿಟಕಿಯಿಲ್ಲದ ನನ್ನ ಈ ಕೋಣೆ.

ಕೂದಲು ಬಗೆದು, ನೆತ್ತಿ ಉಜ್ಜಿ,
ಹಿಂದಲೆಗೆ ಅಂಟು ಹಚ್ಚಿ ತಂತಿ ಕೂರಿಸುತ್ತೇನೆ.
"ಕುರಿಗೆ ಗುರುತು ಹಾಕಿದ ಹಾಗಿದೆ" ಅನ್ನುತ್ತಾಳೆ ಪ್ರತಿಸಲ.
ಪ್ರತಿಸಲ ನಗುತ್ತೇನೆ. ಅದು ನಮ್ಮ ಕರಾರು.

ಎಡಗಣ್ಣು ಮುಚ್ಚಿ. ನಡುವಿನ ಚುಕ್ಕೆ ನೋಡಿ.
ಪರದೆಯ ಮೇಲೆ ಚದುರಂಗದ ಮನೆಗಳು
ಕಪ್ಪು ಬಿಳಿಯಾಗಿ, ಬಿಳಿ ಕಪ್ಪಾಗಿ
ಮಗುಚುತ್ತವೆ, ಮಗುಚುತ್ತವೆ.
ಕಣ್ಣು ಕಂಡದ್ದು ಹಿಂದಲೆಗೆ ಮುಟ್ಟಲು
ನೂರು ಮಿಲಿಸೆಕೆಂಡು, ಕೊಂಚ ಆಚೀಚೆ.
ಇವಳ ಬಲಗಣ್ಣಿನದು ಕಳೆದ ಸಲ
ನೂರಾ ಮೂವತ್ತೆರಡಕ್ಕೆ ಬಂದು ಕದ ತಟ್ಟಿತ್ತು,
ಊಟ ಮುಗಿದ ಮೇಲೆ ಬಂದ ನೆಂಟನಂತೆ.

ಹನ್ನೆರಡು ವರ್ಷದ ಹಿಂದೆ, ಬಿಸಿನೀರ ತೊಟ್ಟಿಯಲ್ಲಿ
ಮೊದಲು ಬಣ್ಣ ಹೋಯಿತಂತೆ.
ಕೆಂಪು ಬಕೆಟ್ಟು ಒಗೆದೊಗೆದು ಸತ್ತ ಬಟ್ಟೆಯಂತಾಯಿತಂತೆ.
ಅವಳದೇ ರಕ್ತದ ಕಾವಲುಗಾರರು
ಅವಳದೇ ನರದ ಹೊದಿಕೆ ಹರಿದಿದ್ದರು.
ಬೇಲಿಯೇ ಎದ್ದು ಹೊಲ ಮೇಯ್ದ ಕತೆ.

"ಈ ಮಾತ್ರೆ ಏನು ಮಾಡುತ್ತೆ, ನೆಟ್ಟಗೆ ಹೇಳು ಹುಡುಗಿ."
ಹೇಳಿದೆ: ಹರಿದಲ್ಲಿಗೆ ಎಳೆಯ ಕೋಶಗಳು ಬರುತ್ತವೆ,
ಸುತ್ತುವ ಕೆಲಸ ಅವುಗಳದೇ.
ಗಾಯದ ಅಂಚಿಗೆ ಬಂದು ಯಾಕೋ ನಿಂತುಬಿಡುತ್ತವೆ,
ಬೆಳೆಯುವುದಿಲ್ಲ, ಕೈ ಚಾಚುವುದಿಲ್ಲ.
ಮಾತ್ರೆ ಅವನ್ನು ನೂಕಬೇಕು.

ಅವಳು ಸುಮ್ಮನಿದ್ದು, ಆಮೇಲೆ ಗೋಡೆಯ ಮಾತು ತೆಗೆದಳು.
ದ್ವೀಪದ ಸುತ್ತ ಹದಿಮೂರು ಮೈಲಿ, ಬರೀ ಕಲ್ಲು, ಗಾರೆಯಿಲ್ಲ.
ಗೋಡೆಯಾಚೆ ಕಡಲಪಾಚಿ ಮೇಯುವ ಕುರಿ, ಈಚೆ ಹುಲ್ಲು.
ಚಳಿಗಾಲದ ಕಡಲು ಒಂದೇ ರಾತ್ರಿ
ಅರವತ್ತಡಿ ಕೆಡವಿತು. ಕಲ್ಲೆಲ್ಲ ಅಲ್ಲೇ ಇತ್ತು.
ಬೇಸಿಗೆಯಲ್ಲಿ ಕಟ್ಟಲು ಜನವೂ ಬಂದರು,
ಎಲ್ಲೆಲ್ಲಿಂದಲೋ, ಹೊಸ ಕೈಗವಸು ತೊಟ್ಟು.
ಬಂದವರು ಬಿರುಕಿನ ಮುಂದೆ, ಕೈಯಲ್ಲೊಂದು ಕಲ್ಲು ಹಿಡಿದು
ಎಲ್ಲಿಡಲಿ ಎಲ್ಲಿಡಲಿ ಎಂದು ನಿಂತರು.
ಚಿಕ್ಕಪ್ಪ ಮ್ಯಾನ್ಸಿ ಬೆನ್ನ ಹಿಂದೆ ಅಡ್ಡಾಡುತ್ತ
ಒಂದೇ ಮಾತು ಆಡುತ್ತಿದ್ದನಂತೆ:
"ಇಡು. ಇಟ್ಟರೆ ತಾನೆ ಗೊತ್ತಾಗೋದು."

"ಹಾಗಾದರೆ ಈ ಮಾತ್ರೆ ಮ್ಯಾನ್ಸಿ."
"ಇಲ್ಲವೇ ಬರೀ ಹಿಟ್ಟಿನ ಉಂಡೆ," ಅಂದೆ ನಾನು.
ಯಾರ ಡಬ್ಬಿಯಲ್ಲಿ ಏನಿದೆ ನನಗೂ ಗೊತ್ತಿಲ್ಲ,
ಡಾಕ್ಟರಿಗೂ ಇಲ್ಲ. ಎಲ್ಲರೂ
ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕಣ್ಣು ಅಳೆಯುತ್ತೇವೆ.

ಇವತ್ತು ಅಲೆಯ ತುದಿಗೆ ಗೆರೆ ಎಳೆದೆ:
ನೂರಾ ಇಪ್ಪತ್ತೇಳು.
ಮತ್ತೊಮ್ಮೆ ಎಳೆದೆ: ಇಪ್ಪತ್ತೊಂಬತ್ತು.
ಮೂರನೆಯ ಸಲ ಇಪ್ಪತ್ತೇಳು.
ಕೋಣೆ ತಣ್ಣಗಿತ್ತು. ರಾತ್ರಿ ಚೆನ್ನಾಗಿ ಮಲಗಿದ್ದಳಂತೆ.
ಅದಿರಬಹುದು. ಏನೂ ಇಲ್ಲದಿರಬಹುದು.
ಹೇಳುವಂತಿಲ್ಲ; ಹೇಳಲಿಲ್ಲ.
ಐದು ಮಿಲಿಸೆಕೆಂಡಿನಲ್ಲಿ
ರೆಪ್ಪೆ ಬಡಿಯಲು ಶುರುವೂ ಆಗುವುದಿಲ್ಲ.

ಸೂಕ್ಷ್ಮದರ್ಶಕದ ಒಂದು ಚಿತ್ರ ನನ್ನ ಮೇಜಿನ ಗಾಜಿನಡಿ ಇದೆ,
ಯಾವುದೋ ಇಲಿಯ ನರ, ಅಡ್ಡಕೊಯ್ತ.
ಹಳೆಯ ಸುತ್ತುಗಳು ದಪ್ಪ, ಮರದ ವರ್ಷದುಂಗುರ;
ರಿಪೇರಿಯಾದದ್ದು ತೆಳು, ಅವಸರದಲ್ಲಿ ಉಟ್ಟ ಪಂಚೆ.
ಆದರೂ ಮಾತು ಹರಿಯುತ್ತದೆ ಅದರೊಳಗೆ.
ಮೆರನ್ ಹೇಳಿದ್ದೂ ಅದೇ, ನಾನು ಕೇಳದೆ:
"ಹೊಸದಾಗಿ ಕಟ್ಟಿದ ತುಂಡು ದೂರದಿಂದಲೇ ತಿಳಿಯುತ್ತೆ.
ಗಿಡ್ಡ. ಕಲ್ಲಹೂ ಹತ್ತಿರಲ್ಲ.
ಕುರಿಗೆ ಅದೆಲ್ಲ ಯಾಕೆ?"

ಉಗುರುಬೆಚ್ಚಗಿನ ನೀರಲ್ಲಿ ಅಂಟು ತೊಳೆದೆ, ಬಿಸಿ ಬೇಡ ಅವಳಿಗೆ.
ಟವೆಲ್ಲು ಕೊಟ್ಟೆ. ಎಡಗಣ್ಣನ್ನು ತಾನೇ
ಅಂಗೈಯಲ್ಲಿ ಮುಚ್ಚಿ ಬೆಳಕಿಗೆ ಹಿಡಿದು ನೋಡಿದಳು.
"ಕೆಂಪು?"
"ಕಿತ್ತಳೆ."
"ಪಕ್ಕದ ಮನೆಗೆ ಬಂದಿದ್ದೀನಿ ಅನ್ನು" ಎಂದು
ಊರುಗೋಲು ಹುಡುಕಿದಳು.

ನಾಲ್ಕಕ್ಕೆ ವಿಮಾನ, ಮಂಜು ಬೀಳದಿದ್ದರೆ.